ಬಡಿದು ನೋಡುವ ಕೆಲಸ

ಮೊರಾವಿಯಾದ ಈ ಕಣಿವೆಯೂರಿನಲ್ಲಿ
ಜನವರಿಯ ಸಂಜೆ ನಾಲ್ಕಕ್ಕೇ ಕತ್ತಲು.
ಅಡುಗೆಮನೆ ಮೇಜಿಗೆ ಹಳೇ ಪೇಪರು ಹಾಸಿ
ಎರಡು ಹೆಡ್ ಆಂಪುಗಳ ಹೊಟ್ಟೆ ಬಿಚ್ಚಿಟ್ಟಿದ್ದೇನೆ.

ಒಂದು, ಒಸ್ಟ್ರಾವಾದ ರೇಡಿಯೋ ನಿಲಯ ಹರಾಜು ಹಾಕಿದ್ದು:
ಬೂದು ಬಣ್ಣ, ತಿರುಪು ತಿರುಪಿಗೂ ಶಿಸ್ತು,
ಸಾಲು ಹಿಡಿದ ಶಾಲೆಮಕ್ಕಳಂಥ ತಂತಿ.
ಇನ್ನೊಂದು, ಮಾವ ಓಲ್ಡ್ರಿಖ್ ಕೈಯಾರೆ ಕಟ್ಟಿದ್ದು:
ಬಿಸ್ಕತ್ತು ಡಬ್ಬದ ತಗಡು, ಒಳಗೆ ಕಾಗೆ ಗೂಡು.

ಎರಡಕ್ಕೂ ಕೆಲಸ ಒಂದೇ.
ಮುಳ್ಳು ತಟ್ಟೆಯ ಗೀರಿನಲ್ಲಿ ಕೇಳಿಸಿಕೊಂಡ ಇರುವೆಯುಸಿರನ್ನು
ಮನುಷ್ಯರ ಕಿವಿಯೆತ್ತರಕ್ಕೆ ಎತ್ತಿಕೊಡಬೇಕು,
ನಡುವೆ ತನ್ನದೊಂದು ಮಾತು ಸೇರಿಸದೆ.
ಎತ್ತಿಕೊಡುವವರಿಗೆಲ್ಲ ಅದೇ ಕಷ್ಟ.

ಒಂದೇ ತಟ್ಟೆ, ಒಂದೇ ಚೆಲ್ಲೋ, ಹತ್ತು ಸಲ ಹಾಕಿದೆ.
ನಿಲಯದ ಪೆಟ್ಟಿಗೆಯಲ್ಲಿ ಚೆಲ್ಲೋ ಕೋಟು ತೊಟ್ಟು ಕೂತಿತ್ತು.
ಮಾವನದರಲ್ಲಿ ತೋಳು ಮಡಚಿ,
ಮರದ ಹೊಟ್ಟೆ ಮುಟ್ಟುವಷ್ಟು ಹತ್ತಿರ.
ಆದರೆ ಬೆನ್ನಿಗೇ ಗುಂಯ್ಯೆಂದು ಐವತ್ತು ಹರ್ಟ್ಸಿನ ದುಂಬಿ.

ದುಂಬಿ ಓಡಿಸಲು ಕೂತೆ.
ಎಡಗೈ ಜೇಬಿನಲ್ಲಿ, ಬಲಗೈ ಮಾತ್ರ ಒಳಗೆ,
ಇದೂ ಮಾವನೇ ಕಲಿಸಿದ್ದು:
ಇನ್ನೂರೈವತ್ತು ವೋಲ್ಟು ಎದೆ ಹಾಯದಿರಲಿ ಎಂದು.
ಫಿಲಮೆಂಟಿಗೆ ಡಿಸಿ ಕೊಟ್ಟೆ.
ಸೋರುವ ಕೆಪಾಸಿಟರುಗಳ ಕಿತ್ತೆ,
ಸಾಸಿವೆಯಂತೆ ಚಟಪಟಿಸುವ ಕಾರ್ಬನ್ ರೆಸಿಸ್ಟರುಗಳನ್ನೂ.
ಕಂಡಕಂಡಲ್ಲಿ ಉಗುಳುವವರ ಹಾಗೆ
ಅವರು ಎಲ್ಲೆಂದರಲ್ಲಿ ನೆಲ ಮುಟ್ಟಿಸಿದ್ದ ತಂತಿಗಳನ್ನು
ಒಂದೇ ಬಿಂದುವಿಗೆ ತಂದು ಬೆಸೆದೆ.
ಕೊನೆಗೆ ವಾಲ್ವು ಒರೆಸೋಣವೆಂದು ಹತ್ತಿಗೆ ಸ್ಪಿರಿಟ್ ಅದ್ದಿದರೆ
ಬುಡದಲ್ಲಿ ಗುಲಾಬಿ ಬಣ್ಣದ ಚುಕ್ಕೆ.

ಕೆಳಮಹಡಿಯ ದ್ರಾಹೊಮಿರಾ ಬಂದದ್ದು ಬೈಯಲು:
ಒಂದೇ ಹಾಡು, ಹತ್ತು ಸಲ, ಗೋಡೆಗೂ ಬೇಸರ ಬಾರದೇ?
ಬೈಗುಳ ಅರ್ಧಕ್ಕೇ ನಿಂತಿತು.
ಕನ್ನಡಕ ಹಣೆಗೇರಿಸಿ ಹೇಳಿದಳು,
"ಇದು ನನ್ನ ಉಗುರುಬಣ್ಣ."

ಇಪ್ಪತ್ತೆರಡು ವರ್ಷ ಕಾರ್ಖಾನೆಯ ತಪಾಸಣೆ ಕೋಣೆ.
ಗಡಿಗೆ ಕೊಳ್ಳುವವರು ಬಡಿದು ನೋಡುವಂತೆ
ರಬ್ಬರು ಸುತ್ತಿಗೆಯಲ್ಲಿ ವಾಲ್ವು ಬಡಿಯುವುದು,
ಹೆಡ್‌ಫೋನಿನಲ್ಲಿ ಕಾಯುವುದು.
ಮಡಕೆಗಾದರೆ ಠಣ್ಣೆಂದರೆ ಪಾಸು.
ಇಲ್ಲಿ ಉಲ್ಟಾ: ಹಾಡಿದ್ದು ಫೇಲು.
ಫೇಲಿಗೆ ಗುಲಾಬಿ ಚುಕ್ಕೆ, ಪುಡಿ ಮಾಡುವ ತೊಟ್ಟಿ.
ತೊಟ್ಟಿಯಿಂದ ಕೆಲವು ಊಟದ ಡಬ್ಬಿಗೆ.
ಗೇಟಿನವನು ಮುಚ್ಚಳ ತೆಗೆಸುತ್ತಿದ್ದ,
ಹಿಟ್ಟಿನುಂಡೆ ಎತ್ತಿ ನೋಡುತ್ತಿರಲಿಲ್ಲ.

"ಹಾಗಾದರೆ ಮಾವನ ಪೆಟ್ಟಿಗೆಯಲ್ಲಿರುವುದು ಫೇಲಾದದ್ದೇ?"
"ಬಡಿದು ನೋಡು."

ಪೆನ್ಸಿಲ್ ತಿರುಗಿಸಿ ಬಡಿದೆ.
ಸ್ಪೀಕರಿನಲ್ಲಿ ಟಕ್.
ಒಣ ಮರಳಿಗೆ ಕಲ್ಲು ಬಿದ್ದಂತೆ, ಅಷ್ಟೇ. ಅನುರಣನವಿಲ್ಲ.
ಇನ್ನೊಂದು: ಟಕ್.
ಆಮೇಲೆ ನಿಲಯದ ಬೂದು ಪೆಟ್ಟಿಗೆ, ಸರ್ಕಾರಿ ಮುದ್ರೆ, ಚುಕ್ಕೆಯಿಲ್ಲದ ವಾಲ್ವು:
ಣಿಂಯ್...
ದೇವಸ್ಥಾನ ಬಿಟ್ಟು ಓಡಿಬಂದ ಗಂಟೆ.

ನಾನು ಅವಳ ಮುಖ ನೋಡಲಿಲ್ಲ.
ಅವಳು ಕಿಟಕಿಯಾಚೆ ಹಿಮ ನೋಡುತ್ತ ಅಂದಳು,
"ಎಲ್ಲ ಚುಕ್ಕೆಯೂ ನ್ಯಾಯದ್ದೇ ಎಂದು ಪ್ರಮಾಣ ಮಾಡಲಾರೆ.
ಆ ಓಲ್ಡ್ರಿಖ್‌ಗೆ ಸಂಗೀತ ಅಂದರೆ ಪ್ರಾಣ."

ಯಿತ್ಕಾ ರಾತ್ರಿ ಪಾಳಿ ಮುಗಿಸಿ ಬಂದಾಗ
ತನ್ನಪ್ಪನ ಈ ಚುಕ್ಕೆಯ ಸಂಗತಿ ಹೇಳಬೇಕೇ?
ಗೊತ್ತಿಲ್ಲ.
ದುಂಬಿ ಹೋಯಿತು ಎಂದಷ್ಟೇ ಹೇಳಬಹುದು.

ದ್ರಾಹೊಮಿರಾ ಕುರ್ಚಿ ಎಳೆದುಕೊಂಡಳು,
ಕಿವಿಯ ಯಂತ್ರದ ತಿರುಪು ಏರಿಸಿಕೊಂಡಳು,
ಶೂ ಡಬ್ಬದಲ್ಲಿದ್ದ ಮಿಕ್ಕ ವಾಲ್ವುಗಳನ್ನು
ಒಂದೊಂದೇ ಹಾಕಿಸಿ ಬಡಿಯತೊಡಗಿದಳು:
ಪಾಸು. ಪಾಸು. ಫೇಲು.
ಥೂ, ಇದು ಯಾವ ಸೋಮವಾರದ್ದೋ. ಫೇಲು.

ಚೆಲ್ಲೋ ಕೇಳುತ್ತೀರಾ ಎಂದೆ.
ಕೈಯಾಡಿಸಿ ಬೇಡವೆಂದಳು.
ಮುಳ್ಳಿಲ್ಲದ ತಟ್ಟೆ ತನ್ನ ಪಾಡಿಗೆ ತಿರುಗುತ್ತಿತ್ತು,
ಹತ್ತಿಯಲ್ಲಿದ್ದ ಸ್ಪಿರಿಟ್ ಯಾವಾಗಲೋ ಒಣಗಿತ್ತು.