ಎಡಗಡೆಯ ಪುಟ

ಬಲಗಡೆ ನನ್ನದು, ಅಂದಿದ್ದೆ; ಬೋರ್ಡಿನ ಮೇಲಿನದೆಲ್ಲ ಅಲ್ಲಿ.
ಎಡಗಡೆ ನಿಮ್ಮದು. ಕೆಂಪು ಪೆನ್ನು ಅತ್ತ ಕಾಲಿಡುವುದಿಲ್ಲ.
ಮೊದಲೆರಡು ಹಾಳೆ ಪರಿವಿಡಿಗೆ ಬಿಡಿ.

ನಂಬರು ಹಾಕುವುದರಲ್ಲೇ ಒಂದು ಪಿರಿಯಡ್ಡು ಹೋಯಿತು.
ಶೇಕ್ಷಾವಲಿ ಮೂವತ್ತೇಳಾದ ಮೇಲೆ
ಮತ್ತೊಮ್ಮೆ ಮೂವತ್ತೇಳು ಬರೆದ.
ಇರಲಿ ಬಿಡು, ಅಂದೆ.

ತೋರಣಗಲ್ಲು, ಎಂಟನೇ ಬಿ.
ಗೋಂದು ಸಾಲದೆ ಜಾಲಿಯ ಅಂಟು ಬಂತು,
ಗೋಂದಿಗಿಂತ ಗಟ್ಟಿ.
ಹಳೇ ಲಗ್ನಪತ್ರಿಕೆ ಕತ್ತರಿಸಿ ಬಾಗಿಲು ಮಾಡಿದರು:
ಎತ್ತಿದರೆ ಹೃದಯದ ನಾಲ್ಕು ಕೋಣೆ,
ಮುಚ್ಚಿದರೆ ಯಾರದೋ ಶುಭವಿವಾಹ.
ನೋಟ್‌ಬುಕ್ಕು ಉಬ್ಬುತ್ತಾ ಉಬ್ಬುತ್ತಾ
ಎರಡೂ ರಟ್ಟು ಒಂದಕ್ಕೊಂದು ಮುಖ ನೋಡದಾದವು.

ಹುಲಿಗೆಮ್ಮನದು ಮಾತ್ರ ತೆಳ್ಳಗೇ ಇತ್ತು.
‘ಏನ್ ಬರೀಬೇಕು ತಿಳೀವಲ್ದು ರೀ ಟೀಚರ್.’

ಅಯಸ್ಕಾಂತದ ಪಾಠ ಮುಗಿದ ಮರುದಿನ
ಅವಳ ಎಡಪುಟದಲ್ಲೊಂದು ಲಕೋಟೆ,
ಅಂಟು ಇನ್ನೂ ಹಸಿ,
ಒಳಗೆ ಚಿಟಿಕೆ ಕೆಂಪು ಧೂಳು.
ಕೆಳಗೆ ಪೆನ್ಸಿಲ್ಲಿನಲ್ಲಿ:

‘ಇದು ನಮ್ಮನಿ ಕಿಡಕಿದು.
ಅವ್ವ ದಿನಾ ಎರಡು ಸಲ ಒರಸ್ತಾಳ,
ಒರಸಿದ ಅರಿವಿ ಒಗದ್ರೂ ಬೆಳ್ಳಗಾಗಲ್ಲ.
ಕೆಟ್ಟ ಸ್ಪೀಕರಿನ ಮ್ಯಾಗ್ನೆಟ್ ಹಿಡದೆ.
ಸ್ವಲ್ಪ ಎದ್ದು ಬಂತು.
ಉಳಿದದ್ದು ಅಲ್ಲೇ ಕುಂತೈತಿ.
ಅದೂ ಗಣಿದ ಧೂಳ ಅಲ್ಲೇನ್ರಿ?
ಮತ್ತ ಅದ್ಯಾಕ ಏಳಲಿಲ್ಲ?’

ಎದುರಿನ ಪುಟದಲ್ಲಿ ನಾನೇ ಬರೆಸಿದ ಸಾಲು,
ಕೆಳಗೆ ಎರಡು ಗೀಟು ಎಳೆಸಿದ್ದು:
ಕಬ್ಬಿಣವನ್ನು ಅಯಸ್ಕಾಂತ ಆಕರ್ಷಿಸುತ್ತದೆ.

ಸಂಜೆ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ
ಇನ್ನೂರು ಪುಟದ್ದೊಂದು ಕೊಂಡೆ, ನನಗೇ.
ಮೊದಲೆರಡು ಹಾಳೆ ಬಿಟ್ಟೆ.
ಎಡಗಡೆ ಅವಳ ಪ್ರಶ್ನೆ ಇಳಿಸಿಕೊಂಡೆ, ಅವಳ ಮಾತಿನಲ್ಲೇ.
ಬಲಗಡೆ, ಸದ್ಯಕ್ಕೆ,
ಪುಟದ ನಂಬರು.