ಇನ್ನೂ ನಡೀತೈತಿ

ತೇರದಾಳದ ಮೋಡಕಾದಾಂವ ಬನಹಟ್ಟಿಗೆ ತಂದು ಇಳಿಸಿದ,
ಕಿಲೋದ ಲೆಕ್ಕದಾಗ ನಾಲ್ಕು ಟಿವಿ.
ಮೂರರ ಪಿಕ್ಚರ್ ಟ್ಯೂಬ್ ದಾರ್ಯಾಗ ಒಡದಿತ್ತು.
ನಾಲ್ಕನೇದು ಡಯನೋರಾ,
ನೆತ್ತಿ ಮ್ಯಾಲೆ ಒಣಗಿದ ಕುಂಕುಮ, ಬಾಜೂಕ ಊದಿನಕಡ್ಡಿ ಸುಟ್ಟ ಕಲೆ.
ಯಾರ ಮನ್ಯಾಗೋ ಭಾನುವಾರ ಮುಂಜಾನೆ
ಪೂಜಿ ಮಾಡಿಸಿಕೊಂಡದ್ದು.

"ಮೊದಲ ವಿಷ ತಗಿ," ಅಂತಿದ್ದ ಬುಡನ್‌ಸಾಬ ಕಾಕಾ.
"ವೈರ್ ಕಿತ್ತಿದ್ರೂ ಕಚ್ಚತೈತಿ ಇದು.
ಸತ್ತ ಹಾವಂತ ಬಾಯಾಗ ಬಟ್ಟಿಡತಾರೇನ?"
ಎಡಗೈ ಬೆನ್ನ ಹಿಂದ ಇಟ್ಟೆ.
ಸ್ಕ್ರೂಡ್ರೈವರಿಗೆ ವೈರು, ವೈರಿನ ತುದಿ ಚಾಸಿಗೆ,
ರಬ್ಬರ್ ಟೊಪಗಿ ಕೆಳಗ ಮೆಲ್ಲಕ ತೂರಿಸಿದೆ.
ಚಟ್.
ಸಣ್ಣ ನೀಲಿ ಕಿಡಿ. ಅಷ್ಟ.
ಈಗಿದು ಬರೇ ಪೆಟಿಗಿ.

ಒಳಗ ಇಪ್ಪತ್ತು ವರ್ಷದ ಧೂಳು,
ಹಲ್ಲಿ ತತ್ತಿ ಎರಡು, ಒಡದದ್ದು,
ಮತ್ತ ಜಾಳಗಿಯಿಂದ ಯಾವ ಹುಡುಗನೋ ಹಾಕಿದ ಚಾರಾಣೆ.
ಒಳಗಿನ ಮಂದಿಗೆ ಚಾಕ್ಕಂತ ಕೊಟ್ಟಿದ್ದನೋ ಏನೋ.

ಕಾಯಿಲ್ ಬಿಚ್ಚಿ ತಾಮ್ರ ಲಡಿ ಮಾಡಿ ಇಟ್ಟೆ.
ಡಯೋಡ್ ನಾಲ್ಕು. ಸ್ಪೀಕರಿಂದು ಕಾಗದ ಹರದೈತಿ, ಮ್ಯಾಗ್ನೆಟ್ ಗಟ್ಟಿ.
ರೆಸಿಸ್ಟರ್ ಓದೂದು ಭಾಳ ದಿನ ಹಿಡೀಲಿಲ್ಲ ನನಗ,
ನೇಕಾರ್ತಿ ಮಗಳು ನಾ:
ಹಳದಿ, ನೇರಳೆ, ಕೆಂಪು, ಕಡೀಕ ಒಂದೆಳಿ ಜರಿ,
ನಾಲ್ಕು ಸಾವಿರದ ಏಳುನೂರು.
"ಇಷ್ಟು ಸಣ್ಣ ಸೀರಿ ಯಾರು ಉಡತಾರವಾ?" ಅಂದಿದ್ದ ಕಾಕಾ.
"ಕರೆಂಟು," ಅಂದಿದ್ದೆ.

ಆಮ್ಯಾಲೆ ಪ್ಲೇಟ್ ತಿರುವಿದೆ.
ಕಂಪನಿ ಬೆಸಿಗಿ ಅಕ್ಕಿಕಾಳಿನಂಗ, ಎಲ್ಲಾ ಒಂದ ನಮೂನಿ.
ಒಂದು ಬ್ಯಾರೆ ಇತ್ತು.
ದುಂಡಗ, ತುಸು ಎಡಕ್ಕ ವಾಲಿ,
ಸುತ್ತಲಿನ ರಾಳ ಒರಸದ ಬಿಟ್ಟದ್ದು.
"ತಿಕ್ಕಬ್ಯಾಡ, ಗಾಯದ ಮ್ಯಾಲಿನ ಹಕ್ಕಳಿ ಅದು"
ಅಂತಿದ್ದಾಂವ ಈ ಪ್ಯಾಟ್ಯಾಗ ಒಬ್ಬನ.
ಮತ್ತ ತಿರುವಿದೆ. ಕೆಪಾಸಿಟರ್ ನೆತ್ತಿಗೆ
ಕೆಂಪು ಉಗುರುಬಣ್ಣದ ಚುಕ್ಕಿ.

ಮಗಳು ಶಬೀನಾನ ಬಾಟಲಿ ಕದ್ದು ತಂದಿದ್ದ.
ಬ್ಯಾರೆ ಟಿವಿದು ಕಿತ್ತು, ಮೀಟರ್ ಹಚ್ಚಿ,
ಬರೋಬರಿ ಇದ್ರ ಒಂದು ಚುಕ್ಕಿ.
"ಹಿಂಗಂದ್ರ ಏನ ಕಾಕಾ?"
"ಇನ್ನೂ ನಡೀತೈತಿ ಅಂತ."

ಅಂದ್ರ ಇದು ಈ ಟಿವಿದೂ ಅಲ್ಲ.
ಇದಕ್ಕ ಮೊದಲ ಯಾವ ಪೆಟಿಗ್ಯಾಗ ಕುಂತು
ಯಾರ ಮದಿವಿ, ಯಾರ ಮಣ್ಣಿನ ಸುದ್ದಿ ಕೇಳಿತ್ತೋ.
ಕಡೀ ಎರಡು ವರ್ಷ ಕಾಕಾನ ಕೈ ನಡಗತಿತ್ತು,
ವಾಲಿದ ಬೆಸಿಗಿ ಆಗಿನದ ಇರಬೇಕು.
ಬಟ್ಟಿನಿಂದ ಒತ್ತಿ ನೋಡಿದೆ.
ಅಲಗ್ಯಾಡಲಿಲ್ಲ.

ಸಾವಿರ ಇರಬೇಕಾದದ್ದು ಮೀಟರಿನ್ಯಾಗ ಒಂಬೈನೂರಾ ನಲವತ್ತು.
ಸಾಕು.
ರಿವಾಯತ್ ಪದದವರ ಆಂಪ್ಲಿಫೈಯರ್ ನಿನ್ನೆ ಬಂದೈತಿ,
ಹಾಡವರಗಿಂತ ಮೊದಲ ತಾನ ಗುಂಯ್ ಅನ್ನತೈತಿ.
ನಾಳೆ ರಾತ್ರಿ ಬೇಕಂತ.

ಹೊರಗ ಓಣಿ ತುಂಬ ಮಗ್ಗ
ಒಮ್ಮೆಲೆ ನಿಂತವು. ಲೈಟ್ ಹ್ವಾದ್ವು.
ಸೋಲ್ಡರ್ ಕಡ್ಡಿ ಆರೂದರಾಗ
ಒಂದು ಕಾಲು ಕೂಡಿಸಿದೆ.
ಇನ್ನೊಂದು, ಕರೆಂಟ್ ಬರಲಿ.