ರದ್ದಿ

ಕಿಲೋಗೆ ಹನ್ನೊಂದು ರೂಪಾಯಿಯಂತೆ
ಶಾಲೆಯ ಜವಾನ ತಂದಿಳಿಸಿದ ಮೂರು ಮೂಟೆ.
ಒಂದರ ಹೊಲಿಗೆ ಬಿಚ್ಚಿತ್ತು.
‘ಕ್ರಿ.ಶ. ಎರಡು ಸಾವಿರದಲ್ಲಿ ನಮ್ಮ ಭದ್ರಾವತಿ’:
ಅರವತ್ನಾಲ್ಕರ ಅರ್ಧವಾರ್ಷಿಕ, ಪ್ರಬಂಧ, ಹತ್ತು ಅಂಕ.

ತಕ್ಕಡಿ ಹಿಡಿದವನು ಓದಬಾರದು, ಅನ್ನುತ್ತಿದ್ದರು ಅಬ್ಬಾಜಾನ್.
ಓದಿದೆ.

ಅಪ್ಪನ ಬದಲು ರಾತ್ರಿ ಪಾಳಿಗೆ
ಕಬ್ಬಿಣದ ಮನುಷ್ಯ ಹೋಗುತ್ತಾನೆ, ಬುತ್ತಿ ಬೇಡ;
ಕಾರ್ಖಾನೆಯ ಹೊಗೆಯನ್ನು ಬಾಟಲಿಗೆ ತುಂಬಿ
ಚಳಿಯ ದೇಶಕ್ಕೆ ಮಾರುತ್ತಾರೆ;
ಜೋಗದಿಂದ ಕರೆಂಟು ತಂತಿಯಿಲ್ಲದೆ, ಸಾರಿನ ಘಮದ ಹಾಗೆ;
ಶಿವಮೊಗ್ಗಕ್ಕೆ ಹಾರುವ ಬಸ್ಸು, ಆರೇ ನಿಮಿಷ,
ಕಂಡಕ್ಟರ್ ಮಾತ್ರ ಅವನೇ, ಚಿಲ್ಲರೆಗೆ ಅದೇ ಜಗಳ.
ನಕ್ಕೆ. ಆಕಾಶಕ್ಕೆ ಹೋದರೂ
ಹುಡುಗರು ಚಿಲ್ಲರೆ ಬಿಟ್ಟು ಹೋಗಿರಲಿಲ್ಲ.

ಅಡಿಯಲ್ಲೊಂದು ಹಾಳೆ, ಗೆದ್ದಲು ತಿಂದ ಅಂಚು:
ಎ. ಆರೋಗ್ಯಮೇರಿ, ಎಂಟನೇ ‘ಬಿ’.
‘ಆಗ ನಲ್ಲಿಯೇ ಬಾಯಿಬಿಟ್ಟು ಹೇಳುತ್ತದೆ
ನೀರು ಎಷ್ಟು ಹೊತ್ತಿಗೆ ಬರುತ್ತದೆಂದು.
ಅಲ್ಲಿಯವರೆಗೆ ಅಮ್ಮ ಮಲಗಿರಬಹುದು.’
ಇಷ್ಟೇ. ಕೆಂಪು ಶಾಯಿ: ವಿಷಯಾಂತರ. ಎರಡು.

ಮೊನ್ನೆ ರಾತ್ರಿ ವಾರ್ಡಿನ ವಾಟ್ಸಾಪಿಗೆ ಬಂದಿತ್ತು:
ನಾಳೆ ಬೆಳಗಿನ ಜಾವ ಮೂರೂವರೆಗೆ ನೀರು.
ಜುಬೇದಾ ಅಲಾರಾಂ ಇಟ್ಟು,
ಬಿಂದಿಗೆಗಳನ್ನು ಹೊಸಿಲ ಹತ್ತಿರ ಜೋಡಿಸಿ ಮಲಗಿದಳು.
ಅದು ಕೂಗಿದಾಗ
ನಾನು ಮಗ್ಗುಲು ಬದಲಿಸಿದೆ.

ಮೂರೂ ಸೇರಿ ತೊಂಬತ್ತೆರಡು ಕಿಲೋ.
ದುಡ್ಡು ಎಣಿಸಿ ಕೊಟ್ಟೆ.
ಆ ಒಂದು ಹಾಳೆ ಲಾರಿಗೆ ಹೋಗಲಿಲ್ಲ;
ಗಲ್ಲಾಪೆಟ್ಟಿಗೆಯಲ್ಲಿ, ಚಿಲ್ಲರೆಯ ಕೆಳಗಿದೆ.
ಜುಬೇದಾಗೆ ಇನ್ನೂ ತೋರಿಸಿಲ್ಲ.